ಅಡಿಕೆ ಅಂಗಡಿಯ ಹಿಂದಿನ ಬಿಡಾರ

ಪುತ್ತೂರಿನ ಹಳೆಪೇಟೆಯ ಓಣಿಗಳಿಗೆ ಆಗ ಹೆಸರಿರಲಿಲ್ಲ. ದಾರಿ ಕೇಳಿದರೆ ಜನ ಮನೆಗಳನ್ನು ಹೇಳುತ್ತಿದ್ದರು. "ಪಂಡಿತರ ಜಗಲಿ ಹತ್ತಿ ಆಚೆ ಇಳೀರಿ. ಬಾವಿಕಟ್ಟೆಯನ್ನು ಬಲಕ್ಕೆ ಬಿಡಿ. ಅಕ್ಕಸಾಲಿಗರ ಮನೆ ಒಳಗಿಂದ ಹೋದರೆ ಹತ್ತಿರ. ಅವರು ಊಟಕ್ಕೆ ಕೂತಿದ್ದರೆ ಮಾತ್ರ ಸುತ್ತಿ ಹೋಗುದು." ಹೀಗೆ ಹೇಳಿದವರು ಯಾರೆಂದು ಈಗ ನೆನಪಿಲ್ಲ. ಒಬ್ಬರೇ ಹೇಳಿದ್ದೋ, ಆ ಬೇಸಗೆಯಲ್ಲಿ ಕೇಳಿದ ಹಲವು ಮಾತುಗಳನ್ನು ನನ್ನ ತಲೆ ಒಂದೇ ಬಾಯಿಗೆ ಸೇರಿಸಿದೆಯೋ ತಿಳಿಯದು. ದಿನಚರಿಯಲ್ಲಿ ನಾನು ಬರೆದಿಟ್ಟದ್ದು ಇಷ್ಟೇ: "ಹಳೆಪೇಟೆ. ದಾರಿ ಅರ್ಥವಾಗುವುದಿಲ್ಲ." ಉಳಿದದ್ದೆಲ್ಲ ನೆನಪು. ಸಿಟ್ಟು ಬಂದ ಸಂಗತಿಗಳನ್ನು ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ ಎಂಬುದು ನನಗೆ ಗೊತ್ತಿದೆ. ಆದ್ದರಿಂದ ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಲೇರಿಯಾ ತೊಲಗಿಸಲು ಊರೂರಿಗೆ ಡಿಡಿಟಿ ಹೊಡೆಯುವ ಕೆಲಸ ನಡೆಯುತ್ತಿತ್ತು. ಮದರಾಸಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ನನಗೆ ಪುತ್ತೂರು, ಸುಳ್ಯ, ಕಡಬ ಕಡೆಯ ಒಂದು ತಂಡದ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿತು. ಮಳೆಗಾಲ ಹಿಡಿಯುವ ಮೊದಲು ಪ್ರತಿ ಮನೆಯ ಒಳಗೋಡೆಗೆ ಮದ್ದು ಹೊಡೆದಿರಬೇಕು. ರಕ್ತ ಕುಡಿದ ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ. ಅಲ್ಲಿ ಮದ್ದಿನ ಬಿಳಿ ಪುಡಿ ಇದ್ದರೆ ಸಾಯುತ್ತದೆ. ಒಂದು ಮನೆ ಬಿಟ್ಟರೆ ಸುತ್ತಲಿನ ಮನೆಗಳಿಗೆ ಹೊಡೆದದ್ದೂ ಅರ್ಧ ವ್ಯರ್ಥ. ತರಬೇತಿಯಲ್ಲಿ ನಮಗೆ ಮತ್ತೆ ಮತ್ತೆ ಹೇಳಿದ್ದು ಇದನ್ನೇ.

ತಂಡದವರೆಲ್ಲ ಅಡಿಕೆ ತೋಟಗಳಲ್ಲಿ ಮದ್ದು ಬಿಡುವವರು. ಮಳೆ ಶುರುವಾಗುವ ಹೊತ್ತಿಗೆ ಮರ ಹತ್ತಿ ಗೊನೆಗಳಿಗೆ ಮೈಲುತುತ್ತು ಸುಣ್ಣದ ನೀರು ಹೊಡೆಯುವುದು ಅವರ ವರ್ಷದ ಕೆಲಸ. ಅದಕ್ಕೆ ಮೊದಲಿನ ಬಿಡುವಿನಲ್ಲಿ ನಮ್ಮಲ್ಲಿಗೆ ಬಂದಿದ್ದರು. ಮೇಸ್ತ್ರಿ ಈಶ್ವರಮಂಗಲದವನು, ಬಾಯಿ ಜೋರು. ಪಂಪು ಹಿಡಿಯಲು ಇವರಿಗೆ ಕಲಿಸಬೇಕಾಗಿಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಮೊದಲ ಮನೆಯಲ್ಲೇ ತಪ್ಪಾಯಿತು. ಗೊನೆಗೆ ಮದ್ದು ತೊಟ್ಟಿಕ್ಕುವವರೆಗೆ ಬಿಡಬೇಕು, ಇಲ್ಲದಿದ್ದರೆ ಕೊಳೆರೋಗ ಬರುತ್ತದೆ. ಅದೇ ರೂಢಿಯಲ್ಲಿ ಅವರು ಗೋಡೆಯನ್ನೂ ತೊಯ್ಯಿಸಿಬಿಟ್ಟರು. ಬಿಳಿ ನೀರು ಗೋಡೆಯಿಂದ ಇಳಿದು, ನೆಲದ ಸೆಗಣಿ ಸಾರಣೆಯನ್ನು ಕರಗಿಸಿ, ಹೊಸ್ತಿಲು ದಾಟಿ ಹರಿಯಿತು. ಮನೆಯ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ನಿಮ್ಮ ಸೊಳ್ಳೆ ಈಜಿ ಹೋಗ್ಬೇಕಾ ಇನ್ನು?"

"ತೊಟ್ಟಿಕ್ಕದಿದ್ರೆ ಮದ್ದು ಬಿಟ್ಟ ಹಾಗೆ ಆಗ್ತದಾ ಅಮ್ಮ?" ಎಂದ ಮೇಸ್ತ್ರಿ.

"ಮಾರಾಯ, ಇದು ಗೋಡೆ. ಅಡಿಕೆ ಗೊನೆ ಅಲ್ಲ."

ಒಬ್ಬ ಬಾಲ್ದಿಯೊಳಗಿನ ಪಂಪು ಒತ್ತುವುದು, ಇನ್ನೊಬ್ಬ ಕೊಳವೆ ಹಿಡಿದು ಗೋಡೆಯಿಂದ ಒಂದು ಮೊಳ ದೂರ ನಿಂತು ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿ ಎಳೆಯುವುದು. ಗೋಡೆ ಒದ್ದೆಯಾಗಬೇಕು, ನೀರು ಇಳಿಯಬಾರದು. ಅಭ್ಯಾಸ ತಪ್ಪಿಸುವಷ್ಟರಲ್ಲಿ ಹಲವು ದಿನ ಹೋದವು.

ಅದಕ್ಕಿಂತ ಕಷ್ಟದ್ದು ಓಣಿಗಳು. ಯಾವುದೂ ನೆಟ್ಟಗಿರಲಿಲ್ಲ. ಒಂದು ಓಣಿ ಅಗಲವಾಗಿ ಹೊರಟು ಯಾರದೋ ಬಚ್ಚಲಲ್ಲಿ ಮುಗಿಯುತ್ತಿತ್ತು. ಇನ್ನೊಂದು ಎರಡು ಗೋಡೆಗಳ ನಡುವೆ ಭುಜ ಓರೆ ಮಾಡಿ ಹೋಗುವಷ್ಟೇ ಇದ್ದು, ಇದ್ದಕ್ಕಿದ್ದಂತೆ ಪೇಟೆಯ ನಡುವಿಗೆ ತಂದು ಬಿಡುತ್ತಿತ್ತು. ಕಾಲೇಜಿನಲ್ಲಿ ಗಣಿತದ ಅಧ್ಯಾಪಕರೊಬ್ಬರು ಚಕ್ರವ್ಯೂಹದಿಂದ ಹೊರಬರುವ ಉಪಾಯವೊಂದನ್ನು ಹೇಳಿದ್ದರು: ಬಲಗೈಯನ್ನು ಗೋಡೆಯಿಂದ ತೆಗೆಯದೆ ನಡೆಯುತ್ತಾ ಹೋಗಬೇಕು. ನಾನು ತಂಡವನ್ನು ಹಾಗೆಯೇ ನಡೆಸಿದೆ. ಬಲಬದಿಗೆ ಸಿಕ್ಕಿದ ಬಾಗಿಲಿಗೆಲ್ಲ ಹೋಗುವುದು, ಹೊಡೆಯುವುದು, ಬಾಗಿಲಿಗೆ ಕಾವಿ ಬಣ್ಣದಲ್ಲಿ ನಂಬರು ಅಚ್ಚೊತ್ತುವುದು. ಕೆಲವು ಮನೆಗಳಲ್ಲಿ ಅಡಿಗೆಮನೆಗೆ ನಮ್ಮವರನ್ನು ಬಿಡಲಿಲ್ಲ. ಅಲ್ಲಿಗೆ ನಾನೇ ಕೊಳವೆ ಹಿಡಿದು ಹೋದೆ. ನನ್ನ ಜಾತಿ ಕೇಳಿಕೊಂಡು ಒಳಗೆ ಬಿಟ್ಟವರ ಜೊತೆ ನಾನು ವಾದಕ್ಕಿಳಿಯಲಿಲ್ಲ. ಅದು ಬೇರೆಯೇ ಕಥೆ.

ಹಳೆಪೇಟೆ ಮುಗಿದ ದಿನ, ಕಛೇರಿ ಕೊಟ್ಟಿದ್ದ ಮನೆಗಳ ಸಂಖ್ಯೆಗೂ ನಾವು ಅಚ್ಚೊತ್ತಿದ ನಂಬರುಗಳಿಗೂ ಹೆಚ್ಚುಕಡಿಮೆ ತಾಳೆಯಾಯಿತು. ಮೇಲಧಿಕಾರಿ ಮೈಸೂರು ಕಡೆಯವರು. ನನ್ನ ಬೆನ್ನು ತಟ್ಟಿ, "ಇಂಥಾ ಪೇಟೇಲಿ ಲೆಕ್ಕ ಸರಿ ತಂದಿದ್ದೀರಲ್ರೀ. ಇನ್ನು ಕಡಬಕ್ಕೆ ಹೊರಡಿ," ಎಂದರು. ನನಗೂ ಹೆಮ್ಮೆಯೆನಿಸಿತು.

ಮರುದಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಕರೆಸಿದರು. ಮೇಜಿನ ಮೇಲೆ ರಕ್ತದ ಲೇಪ ಒಣಗಿದ ಗಾಜಿನ ಪಟ್ಟಿಯಿತ್ತು.

"ನಿಮ್ಮ ಹಳೆಪೇಟೆ ಮುಗಿಯಿತಂತಲ್ಲ?"

"ಮುಗಿಯಿತು."

"ಹಾಗಾದರೆ ಈ ರಕ್ತ ಎಲ್ಲಿಂದ ಬಂತು? ಮಲೇರಿಯಾ ಇದೆ. ಏಳು ತಿಂಗಳು ತುಂಬಿದ ಬಸುರಿ. ಮನೆ ಎಲ್ಲಿ ಅಂತ ಕೇಳಿದರೆ ಅಡಿಕೆ ಅಂಗಡಿಯ ಹಿಂದೆ ಅಂತಾಳೆ."

ಆಕೆ ಒಂದು ಬೆಳಿಗ್ಗೆ ನಡೆದುಕೊಂಡೇ ಬಂದಿದ್ದಳಂತೆ. ಆಗ ಜ್ವರ ಇರಲಿಲ್ಲ. ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಗುತ್ತಿತ್ತು. ಆಸ್ಪತ್ರೆಯಲ್ಲಿ ಉಳಿ ಎಂದರೆ, ಹೆರಿಗೆಗೆ ಸುಳ್ಯದ ಹತ್ತಿರದ ಅಜ್ಜಾವರದ ತವರಿಗೆ ಹೋಗುವುದಿದೆ, ಅಲ್ಲಿಯವರೆಗೆ ಸುಧಾರಿಸುತ್ತೇನೆ ಎಂದು ಎದ್ದುಹೋದಳು. "ಈ ಜ್ವರ ಹೀಗೇ ಏರುತ್ತಾ ಹೋದರೆ ಮಗು ಉಳಿಯುವುದಿಲ್ಲ. ಅವಳೂ ಉಳಿಯುವುದು ಕಷ್ಟ," ಎಂದರು ಡಾಕ್ಟರಮ್ಮ. "ಜ್ವರ ಬಂದ ಹೊತ್ತಿಗೇ ಎತ್ತಿಕೊಂಡು ಬನ್ನಿ ಅಂತ ಗಂಡನಿಗೆ ಹೇಳಿ ಕಳಿಸಿದ್ದೆ. ಯಾರೂ ಬಂದಿಲ್ಲ."

ಗಂಡ ಆ ಅಂಗಡಿಯಲ್ಲೇ ಮೂಟೆ ಹೊರುವವನು. ಬೀದಿಯಲ್ಲಿ ಗಾಡಿಗೆ ಮೂಟೆ ಹೇರುತ್ತಿದ್ದ. ನಾನು ಮನೆಗೆ ದಾರಿ ಕೇಳಿದ್ದಕ್ಕೆ ಅಂಗಡಿಯ ಕಡೆ ನೋಡಿ, ತಗ್ಗಿದ ದನಿಯಲ್ಲಿ "ಈ ಕಡೆಯಿಂದ ಬೇಡ ಸಾರ್, ತೋಡಿನಲ್ಲಿ ಬನ್ನಿ," ಎಂದ. ಪೇಟೆಯ ಬೆನ್ನಿಗೆ ಮಳೆನೀರು ಹರಿಯುವ ತೋಡಿತ್ತು. ಬೇಸಗೆಯಾದ್ದರಿಂದ ಒಣಗಿತ್ತು. ಅದರಲ್ಲಿ ನಡೆದು, ಬದಿಯ ಕಡಿದಾದ ಮಣ್ಣಿನ ದರೆಯಲ್ಲಿ ಕೊರೆದಿದ್ದ ಗುಳಿಗಳಿಗೆ ಕಾಲಿಟ್ಟು, ಬೇರು ಹಿಡಿದು ಮೇಲೆ ಹತ್ತಿದೆವು. ನನ್ನ ಅಂಗಿ ಹರಿಯಿತು.

ಮೇಲೆ ಒಂದು ಕಿರಿದಾದ ಅಂಗಳ. ಒಂದು ಸಾಲು ಮಣ್ಣಿನ ಬಿಡಾರಗಳು, ತಲೆ ತಗ್ಗಿಸಿದರೆ ಮಾತ್ರ ಒಳಹೋಗುವಷ್ಟು ಇಳಿದ ಮಾಡು. ಹಲವು ಸಂಸಾರಗಳು, ಹಲವು ಒಲೆಗಳು. ಮೂರು ಬದಿಗೂ ಬೇರೆ ಮನೆಗಳ ಹಿಂಗೋಡೆ. ಯಾವ ಓಣಿಗೂ ಬಾಗಿಲಿಲ್ಲ. ಬಲಗೈ ಗೋಡೆಗಿಟ್ಟು ನಾನು ವರ್ಷವಿಡೀ ನಡೆದಿದ್ದರೂ ಈ ಅಂಗಳದ ಸುತ್ತ ತಿರುಗುತ್ತಿದ್ದೆನೇ ಹೊರತು ಒಳಗೆ ಬರುತ್ತಿರಲಿಲ್ಲ. ಇರುವ ಒಂದೇ ದಾರಿ ಅಡಿಕೆ ಅಂಗಡಿಯೊಳಗಿನ ಹಲಗೆ ಬಾಗಿಲು. ಅದನ್ನು ಬೆಳಕು ಹರಿಯುವಾಗ ತೆರೆಯುತ್ತಾರೆ, ಕೆಲಸದವರು ಹೊರಟ ಮೇಲೆ ಅಗುಳಿ ಹಾಕುತ್ತಾರೆ, ಸಂಜೆ ಅಂಗಡಿ ಮುಚ್ಚಿದ ಮೇಲೆ ಮತ್ತೆ ತೆರೆಯುತ್ತಾರೆ.

ಆಕೆ ಗೋಣಿಚೀಲಗಳ ಕೆಳಗೆ ಮುದುಡಿ ಮಲಗಿ ನಡುಗುತ್ತಿದ್ದಳು. ನಡುಹಗಲು. ಹೊರಗೆ ಸೆಕೆಗೆ ಹೆಂಚು ಸಿಡಿಯುವಂತಿತ್ತು. ಹಲ್ಲು ಕಟಕಟಿಸುವ ಸದ್ದು ನನಗೆ ಅಂಗಳದಲ್ಲೇ ಕೇಳಿಸಿತು. ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದಳು. ಅವರ ಮಾತು ಸುಳ್ಯದ ಕಡೆಯ ಅರೆಭಾಷೆ. ನನಗೆ ನೆನಪಿರುವುದು ಅರ್ಥ ಮಾತ್ರ, ಆದ್ದರಿಂದ ನನ್ನ ಕನ್ನಡದಲ್ಲೇ ಬರೆಯುತ್ತೇನೆ.

"ಡಿಡಿಟಿಯವರಾ? ನೋಡಿ ಹೋಗ್ಲಿಕ್ಕೆ ಬಂದದ್ದಾ?"

"ಜ್ವರ ಬಂದಾಗ ಆಸ್ಪತ್ರೆಗೆ ಯಾಕೆ ಕರೆದುಕೊಂಡು ಹೋಗಲಿಲ್ಲ?"

"ಎಲ್ಲಿಂದ ಹೋಗುದು, ಮಾಡಿನ ಮೇಲಿಂದವಾ? ದಿನ ಬಿಟ್ಟು ದಿನ ಬರ್ತದೆ, ಸೂರ್ಯ ನೆತ್ತಿಗೆ ಬರುವಾಗ. ಬೆಳಿಗ್ಗೆ ನೋಡಿದರೆ ಎದ್ದು ಗಂಜಿ ಬೇಯಿಸ್ತಾಳೆ, ನನಗೆಂತ ಆಗಿದೆ ಅಂತ ನನ್ನನ್ನೇ ಕೇಳ್ತಾಳೆ. ಬಾಗಿಲು ಇರುವಾಗ ಜ್ವರ ಇಲ್ಲ. ಜ್ವರ ಇರುವಾಗ ಬಾಗಿಲು ಇಲ್ಲ. ಈ ಹೊಟ್ಟೆ ಹೊತ್ತು ಅವಳು ದರೆ ಇಳಿಯುದಾ?"

"ಸಾಹುಕಾರರಲ್ಲಿ ಹೇಳಬಹುದಿತ್ತಲ್ಲ."

"ಹೇಳಿದೆವು. ಬಿಡಾರ ಖಾಲಿ ಮಾಡಿದರೆ ಯಾವ ಹೊತ್ತಿಗೆ ಬೇಕಾದರೂ ಹೋಗ್ಬಹುದು ಅಂದರು."

ನಾನು ನೇರ ಅಂಗಡಿಗೆ ಹೋದೆ. ಸಾಹುಕಾರರು ಒರಟರಲ್ಲ. ಕುಳ್ಳಿರಿಸಿ, ಎಳನೀರಿನ ಬೊಂಡ ಕೊಡಿಸಿ, ತಾಂಬೂಲದ ತಟ್ಟೆ ಮುಂದೆ ಸರಿಸಿದರು. ನೆಲದ ತುಂಬ ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆಯ ರಾಶಿಗಳು. ಹೆಂಗಸರು ಸಾಲಾಗಿ ಕೂತು ಒಳ್ಳೆಯದನ್ನು, ಒಡಕು ಪಟೋರವನ್ನು, ಕಪ್ಪಾದ ಕೋಕವನ್ನು ಬೇರೆ ಬೇರೆ ಹೆಕ್ಕಿ ಹಾಕುತ್ತಿದ್ದರು.

"ಆಚೆ ಇರುದು ಗೋದಾಮು, ಮಾರಾಯ್ರೆ," ಎಂದರು. "ನಿಮ್ಮ ಜನ ಮೊನ್ನೆ ಬಂದಾಗಲೇ ಹೇಳಿದ್ದೇನೆ."

"ಗೋದಾಮಿನಲ್ಲಿ ಒಲೆ ಉರಿಯುತ್ತಾ ಇದೆ."

"ಕೆಲಸದವರು ಇರ್ತಾರೆ. ರಾತ್ರಿ ಮಲಗುದು, ಬೆಳಿಗ್ಗೆ ಹೋಗುದು. ಅದಕ್ಕೆ ಮನೆ ಅಂತ ಹೇಳ್ತಾರಾ?"

"ಒಬ್ಬ ಬಸುರಿಗೆ ಮಲೇರಿಯಾ ಇದೆ. ಬಾಗಿಲು ತೆಗೆಸಿ. ಮದ್ದು ಹೊಡೆಯಬೇಕು, ಅವಳನ್ನು ಆಸ್ಪತ್ರೆಗೆ ಒಯ್ಯಬೇಕು."

"ನಿಮ್ಮ ಡಿಡಿಟಿ ವಾಸನೆ ಅಡಿಕೆಗೆ ಹಿಡಿದರೆ ಬೊಂಬಾಯಿಯವ ಮೂಸಿ ನೋಡಿ ವಾಪಸು ಕಳಿಸ್ತಾನೆ. ಮತ್ತೆ ಈ ರಾಶಿಗಳ ಮಧ್ಯೆ ಹಗಲೆಲ್ಲ ಜನ ಓಡಾಡಿದರೆ ಎಲ್ಲ ಒಂದಾಗ್ತದೆ. ಪುನಃ ಹೆಕ್ಕುದು ಯಾರು? ನೀವು ಕಲಿತವರು, ನೀವೇ ಹೇಳಿ."

ಆ ಕೊನೆಯ ಮಾತನ್ನು ಅವರು ನಗುತ್ತಾ ಹೇಳಿದರು. ನನ್ನ ಕೈಯಲ್ಲಿ ಅವರದೇ ಬೊಂಡವಿತ್ತು. ಅಡಿಕೆಗೆ ವಾಸನೆ ಹಿಡಿಯುತ್ತದೆಂಬ ಭಯ ಸುಳ್ಳಲ್ಲ ಎಂದು ಈಗ ಒಪ್ಪುತ್ತೇನೆ. ಆದರೆ ಮುಚ್ಚಿದ ಬಾಗಿಲಿನ ಆಚೆ ಹಲ್ಲು ಕಟಕಟಿಸುತ್ತಿದ್ದಾಗ ರಾಶಿ ಬೆರಕೆಯಾಗುವ ಚಿಂತೆ ಮಾಡುವುದನ್ನು ಒಪ್ಪಲು ಇವತ್ತಿಗೂ ನನ್ನಿಂದಾಗುವುದಿಲ್ಲ.

ಮೇಲಧಿಕಾರಿಯವರ ಬಳಿ ಹೋದರೆ ಅವರು ಕಡಬದ ಕಾಗದಗಳಿಂದ ತಲೆ ಎತ್ತಲಿಲ್ಲ.

"ಲೆಕ್ಕ ಸರಿಯಾಗಿದೆ ಅಲ್ವೇನ್ರೀ?"

"ಲೆಕ್ಕ ಸರಿ ಇದೆ ಸಾರ್. ಆದರೆ ಮನೆಗಳು ಬಿಟ್ಟುಹೋಗಿವೆ."

"ಮನೆ ಬಿಟ್ಟುಹೋಗಿದ್ರೆ ಲೆಕ್ಕ ಹೇಗೆ ಸರಿ ಬರುತ್ತೆ? ಆ ಹೆಂಗಸಿಗೆ ಜ್ವರ ತವರಿನಿಂದ ಬಂದಿರಬೇಕು. ಸುಳ್ಯದ ಕಡೆಯವಳು ಅಂತೀರಿ."

ಮುಗಿದ ಜಾಗಕ್ಕೆ ಮತ್ತೆ ಮದ್ದು ಕೊಡಲು ಬರುವುದಿಲ್ಲ, ನಿಯಮವಿಲ್ಲ. ಸಾಹುಕಾರರ ಮೇಲೆ ಒತ್ತಾಯ ಮಾಡಲು ಕಾರಣವೂ ಇಲ್ಲ, ಏಕೆಂದರೆ ಅಲ್ಲಿ ಮನೆಯೇ ಇಲ್ಲ. ಅವರ ಮಾತಿನಲ್ಲಿ ಎಲ್ಲಿಯೂ ಸಂದು ಇರಲಿಲ್ಲ. ನಾನು ಸಿಟ್ಟಿನಿಂದಲೇ ಹೊರಗೆ ಬಂದೆ.

ಆದರೆ ಅವರ ಪ್ರಶ್ನೆ ನ್ಯಾಯವಾದದ್ದೇ. ಬಿಟ್ಟುಹೋದ ಮೇಲೂ ಲೆಕ್ಕ ಹೇಗೆ ಸರಿ ಬಂತು? ಮರುದಿನ ಒಬ್ಬನೇ ಹಳೆಪೇಟೆಗೆ ಹೋಗಿ, ಈ ಸಲ ಗೋಡೆ ಬಿಟ್ಟು ಮನೆಗಳ ಒಳಗಿನಿಂದಲೇ ನಡೆದೆ. ಪಂಡಿತರ ಜಗಲಿಯಿಂದ ಒಳಹೊಕ್ಕು ಹಿತ್ತಿಲ ಬಾಗಿಲಿನಿಂದ ಇಳಿದರೆ ಬೇರೆಯೇ ಓಣಿ, ಆ ಬಾಗಿಲಿಗೂ ನಮ್ಮ ಕಾವಿ ನಂಬರು. ಅಕ್ಕಸಾಲಿಗರ ಮನೆಯಲ್ಲೂ ಹಾಗೆಯೇ. ಉದ್ದನೆಯ ಮನೆಗಳು ಮುಂದಿನಿಂದ ಒಂದು ಓಣಿಗೆ, ಹಿಂದಿನಿಂದ ಇನ್ನೊಂದಕ್ಕೆ ತೆರೆದಿದ್ದವು. ನಾವು ಎರಡು ಬೇರೆ ದಿನ ಎರಡು ಓಣಿಗಳಿಂದ ಬಂದು, ಮುಂದಿನ ಕೋಣೆಗಳಿಗೊಮ್ಮೆ, ಹಿಂದಿನ ಕೋಣೆಗಳಿಗೊಮ್ಮೆ ಹೊಡೆದು, ಒಂದು ಮನೆಯನ್ನು ಎರಡು ಮಾಡಿದ್ದೆವು. ಮನೆಯವರು ಯಾಕೆ ಹೇಳಲಿಲ್ಲವೆಂದರೆ, ಹಿಂದಿನ ಕೋಣೆಗಳಿಗೂ ಹೊಡೆಯಬೇಕಲ್ಲ, ಹೇಳುವುದೇನಿತ್ತು? ಕಛೇರಿಯ ಹಳೆಯ ಎಣಿಕೆಯಲ್ಲಿ ಬಿಡಾರಗಳೂ ಸೇರಿದ್ದಿರಬೇಕು. ನಮ್ಮ ಹೆಚ್ಚಿನ ನಂಬರುಗಳು ಅವುಗಳ ಜಾಗವನ್ನು ತುಂಬಿದ್ದವು.

ಇದನ್ನು ಬರೆದು ಕೊಟ್ಟರೆ ಉತ್ತರ ಬರುವಷ್ಟರಲ್ಲಿ ಮಳೆಗಾಲ ಮುಗಿಯುತ್ತಿತ್ತು. ತಂಡ ಮರುದಿನ ಕಡಬಕ್ಕೆ ಹೊರಡಬೇಕು. ಆ ದಿನವೇ ಒಂದು ಬಾಲ್ದಿ ನೀರು, ಒಂದು ಹಿಡಿ ತೆಂಗಿನ ನಾರು ತೆಗೆದುಕೊಂಡು ಮೇಸ್ತ್ರಿಯನ್ನು ಕರೆದೆ. ಹಿಂಬಾಗಿಲುಗಳ ನಂಬರುಗಳನ್ನು ಉಜ್ಜಿ ತೆಗೆಯುತ್ತಾ ಹೋದೆವು. ನಂಬರು ಕಡಿಮೆಯಾದರೆ ಹಳೆಪೇಟೆ ಮುಗಿದಿಲ್ಲವೆಂದಾಗುತ್ತದೆ, ಮೇಲಧಿಕಾರಿ ಬಂದು ನೋಡಲೇಬೇಕಾಗುತ್ತದೆ. ಆಕೆಗಾಗಿ ಮಾಡಿದೆನೋ, ನನ್ನ ಉಪಾಯವನ್ನು ಈ ಪೇಟೆ ಅಣಕಿಸಿದ್ದಕ್ಕೆ ಮಾಡಿದೆನೋ ಎಂದು ಆ ರಾತ್ರಿಯ ದಿನಚರಿಯಲ್ಲಿ ಕೇಳಿಕೊಂಡಿದ್ದೇನೆ.

ಹಳೆಪೇಟೆಯವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಪಂಡಿತರ ಹೆಂಡತಿ ಹಿಂಬಾಗಿಲಿಗೆ ಅಡ್ಡ ನಿಂತರು.

"ಎಂತ ಇನ್‌ಸ್ಪೆಕ್ಟ್ರೇ, ಬರೆದದ್ದನ್ನು ಒರೆಸುದಾ? ನಮ್ಮಲ್ಲಿ ಹೊಡೆದದ್ದು ಸುಳ್ಳು ಮದ್ದಾ?"

"ಮದ್ದು ನಿಜವೇ ಅಮ್ಮ. ನಿಮ್ಮ ನಂಬರು ಎದುರು ಬಾಗಿಲಲ್ಲಿ ಉಂಟಲ್ಲ."

"ಸೊಳ್ಳೆ ಎದುರು ಬಾಗಿಲಲ್ಲೇ ಬರ್ಬೇಕು ಅಂತ ಕಾನೂನು ಉಂಟಾ? ಹಿಂದಿನಿಂದ ಬಂದರೆ ನಂಬ್ರ ಕಾಣದೆ ಒಳಗೆ ನುಗ್ಗುದಿಲ್ವಾ?"

"ಅಮ್ಮಾ, ಅದಕ್ಕೆ ಓದ್ಲಿಕ್ಕೆ ಬರುದಿಲ್ಲ," ಎಂದ ಮೇಸ್ತ್ರಿ. "ನಮ್ಮ ಹಾಗೆ."

ಇನ್ನೊಂದು ಮನೆಯವರು ಕೇಳಿದ್ದು ಇನ್ನೂ ಖಾರವಾಗಿತ್ತು: ಬರೆಯುವುದಕ್ಕೂ ಸರಕಾರದ ಸಂಬಳ, ಒರೆಸುವುದಕ್ಕೂ ಸರಕಾರದ ಸಂಬಳವೇ? ಸಂಜೆಯೊಳಗೆ ದೂರು ಕಛೇರಿಗೆ ತಲುಪಿತು. ನಾನು ಬಯಸಿದ್ದೂ ಅದನ್ನೇ.

ಮರುದಿನ ನಡುಹಗಲಿಗೆ ಮೇಲಧಿಕಾರಿಯ ಜೀಪು ಬಂತು. ಅದು ಜ್ವರದ ದಿನ. ನಾನು ಹಾಗೆ ಹೊಂದಿಸಿರಲಿಲ್ಲ. ಹೊಂದಿಸಿದೆನೆಂದು ಆಮೇಲೆ ಕೆಲವರು ಹೇಳಿದರು. ಬೆಳಗಿನಿಂದ ಮೊದಲ ಮಳೆ ಸುರಿಯುತ್ತಿತ್ತು. ಒರೆಸಿದ ಬಾಗಿಲುಗಳನ್ನು ತೋರಿಸಿ, ಬಿಡಾರ ತೋರಿಸುತ್ತೇನೆಂದು ತೋಡಿನ ಕಡೆ ಕರೆದೊಯ್ದೆ. ಮೇಸ್ತ್ರಿಯೂ ಜೊತೆಗಿದ್ದ. ತೋಡು ತುಂಬಿ ಕೆಂಪು ನೀರು ಹರಿಯುತ್ತಿತ್ತು. ದರೆಯ ಗುಳಿಗಳು ನೀರಿನೊಳಗೆ. ಅವರು ತಮ್ಮ ಬೂಟುಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಇನ್ನು ಮಳೆಗಾಲವಿಡೀ ಆ ಅಂಗಳದ ಜನರಿಗೆ ಹಗಲು ಹೊರಬರಲು ಯಾವ ದಾರಿಯೂ ಇಲ್ಲ ಎಂದು ನನಗೆ ಹೊಳೆದದ್ದು ಆಗ.

ಸಾಹುಕಾರರು ಕೊಡೆ ಹಿಡಿದು ಓಡಿಬಂದರು. "ಸಾರ್, ತಾವು ಈ ನೀರಿಗೆ ಇಳಿಯುದಾ? ಛೆ ಛೆ. ಬನ್ನಿ, ನಮ್ಮ ಅಂಗಡಿಯಿಂದಲೇ ಬನ್ನಿ."

ಅಂಗಡಿಯಲ್ಲಿ ಹೆಂಗಸರು ರಾಶಿಗಳನ್ನು ಗೋಣಿ ಸಮೇತ ಬದಿಗೆಳೆದರು. ಸಾಹುಕಾರರು ತಮ್ಮ ಕೈಯಿಂದಲೇ ಅಗುಳಿ ತೆಗೆದರು. ಬಾಗಿಲು ಸದ್ದಿಲ್ಲದೆ ತೆರೆಯಿತು. ಮೇಲಧಿಕಾರಿಗೆಂದು ಕೈಗಳಿದ್ದ ಮರದ ಕುರ್ಚಿಯೊಂದನ್ನು ಯಾರೋ ಅಂಗಳದ ಕಡೆಯ ಅಂಗಡಿ ಜಗಲಿಗೆ ತಂದಿಟ್ಟರು. ಜ್ವರದವಳಿಗೆ ತೆರೆಯದ ಬಾಗಿಲು ಒಬ್ಬರ ಬೂಟು ಒದ್ದೆಯಾಗಬಾರದೆಂದು ತೆರೆಯಿತು.

ಆಕೆ ಈ ಸಲ ನಡುಗುತ್ತಿರಲಿಲ್ಲ. ಮೈ ಕಾದ ಬಾಣಲೆಯಂತಾಗಿ ಏನೇನೋ ಕನವರಿಸುತ್ತಿದ್ದಳು, ನಡುನಡುವೆ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ಮೇಸ್ತ್ರಿ ಜಗಲಿಗೆ ಹೋಗಿ ಕುರ್ಚಿ ಎತ್ತಿದ.

"ಸಾರ್, ನೀವು ಸ್ವಲ್ಪ ನಿಂತಿರಿ ಆಯ್ತಾ. ಇದು ಬೇಕು."

ಆಕೆಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಸೀರೆಯಿಂದ ಕಟ್ಟಿ, ಗಂಡನೂ ಮೇಸ್ತ್ರಿಯೂ ನಾನೂ ಹೊತ್ತು ಅಂಗಡಿಯೊಳಗಿಂದ ಹೊರಟೆವು. ಅತ್ತೆ ಹಿಂದಿನಿಂದ ತಲೆ ಹಿಡಿದುಕೊಂಡಿದ್ದಳು. ಕುರ್ಚಿಯ ಕಾಲು ತಾಗಿ ಒಂದು ರಾಶಿ ಇನ್ನೊಂದರೊಳಗೆ ಕುಸಿಯಿತು.

"ಪಟೋರ, ಕೋಕ ಎಲ್ಲ ಒಂದಾಯ್ತಲ್ಲ ಮಾರಾಯ್ರೆ," ಎಂದರು ಸಾಹುಕಾರರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

ಹೆಕ್ಕುವ ಹೆಂಗಸರಲ್ಲಿ ಹಿರಿಯಳು ತಲೆ ಎತ್ತದೆ ಹೇಳಿದಳು, "ಪುನಃ ಹೆಕ್ಕುವ, ಧಣಿಗಳೇ. ನಮಗೆಂತ ಬೇರೆ ಕೆಲಸ ಉಂಟಾ?"

ಮೇಲಧಿಕಾರಿ ತಮ್ಮ ಜೀಪನ್ನು ತಾವಾಗಿಯೇ ಕೊಟ್ಟರು, ಮಳೆಯಲ್ಲಿ ನಿಂತರು. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಬಿಡಾರಗಳಿಗೆ ಮದ್ದು ಹೊಡೆಯಲು ಒಪ್ಪಿಗೆಯನ್ನೂ ಕೊಟ್ಟರು. ಆದರೆ ಎಲ್ಲವನ್ನೂ ಅಂಗಡಿಯ ಒಂದೇ ನಂಬರಿಗೆ ಸೇರಿಸಿ ಎಂದರು. ನಾನು ಪ್ರತಿ ಬಿಡಾರಕ್ಕೂ ಒಂದೊಂದು ನಂಬರು ಅಚ್ಚೊತ್ತಿದೆ. ಮುಂದಿನ ವಾರ ಸರಕಾರಿ ಗುರುತು ಅಳಿಸಿದ್ದಕ್ಕೆ ನನ್ನಿಂದ ವಿವರಣೆ ಕೇಳಿದರು. ಮನೆಗಳು ಬಿಟ್ಟುಹೋದದ್ದಕ್ಕೆ ಯಾರಿಂದಲೂ ವಿವರಣೆ ಕೇಳಲಿಲ್ಲ.

ಆಕೆ ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹೆತ್ತಳು. ಮಗು ಅಂಗೈಯಗಲ ಇತ್ತೆಂದು ನನ್ನ ನೆನಪು ಹೇಳುತ್ತದೆ. ನಾನು ನೋಡಿದ್ದೆನೇ ಎಂಬುದು ಖಚಿತವಿಲ್ಲ. ಬದುಕಿತು. ಆಸ್ಪತ್ರೆಯಿಂದ ಅವರು ನೇರ ಅಜ್ಜಾವರಕ್ಕೆ ಹೋದರು, ಬಿಡಾರಕ್ಕೆ ಮರಳಲಿಲ್ಲ.

ಮಳೆಗಾಲ ಕಳೆದು ಮುಂದಿನ ಸುತ್ತಿಗೆ ಹಳೆಪೇಟೆಗೆ ಹೋದಾಗ ನಾನು ಮೊದಲು ಹೋದದ್ದು ಅಡಿಕೆ ಅಂಗಡಿಗೆ. ಸಾಹುಕಾರರು ನನ್ನನ್ನು ಕಂಡದ್ದೇ ಎದ್ದು ಹೋಗಿ ಅಗುಳಿ ತೆಗೆದರು. ನಡುಹಗಲು. ಗೆದ್ದೆನೆಂದೇ ಅಂದುಕೊಂಡು ಒಳಗೆ ಹೋದೆ. ಆಕೆಯಿದ್ದ ಬಿಡಾರದಲ್ಲಿ ಬೇರೊಂದು ಸಂಸಾರ ಬಂದಿತ್ತು. ಚಿಕ್ಕ ಪ್ರಾಯದ ಹೆಂಗಸೊಬ್ಬಳು ಬೀಡಿ ಕಟ್ಟುತ್ತಾ ಕೂತಿದ್ದಳು. ನಾವು ಹೊಡೆಯಲೆಂದು ಪಾತ್ರೆಗಳನ್ನು ಹೊರಗಿಡತೊಡಗಿದಳು.

"ಈಗ ಹಗಲು ಬಾಗಿಲು ತೆಗೆಯುತ್ತಾರಲ್ಲ?" ಎಂದು ಕೇಳಿದೆ.

"ತೆಗೀತಾರೆ ಸಾರ್," ಎಂದಳು, ಗಂಜಿಯ ಪಾತ್ರೆಗೆ ಮುಚ್ಚಳ ಹಾಕುತ್ತಾ. "ನೀವು ಬರುವಾಗ."